ಪರ್ಮಿಶನ್ ಅಂದರೆ ಅನುಮತಿಯೋ, ಹಕ್ಕೋ?

ಕಂಪ್ಯೂಟರಿನ 'ಪರ್ಮಿಶನ್'ಗೆ ಕನ್ನಡದಲ್ಲಿ ಸಾಮಾನ್ಯವಾಗಿ 'ಅನುಮತಿ' ಎಂದು ಹಾಕುತ್ತಾರೆ. ಫೋನಿನಲ್ಲಿ ಯಾವುದೋ ಆ್ಯಪ್ ಕ್ಯಾಮೆರಾ ಬಳಸಲೇ ಎಂದು ಕೇಳುವಾಗ ಆ ಪದ ಚೆನ್ನಾಗಿ ಹೊಂದುತ್ತದೆ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಹೂಂ ಅಥವಾ ಉಹೂಂ ಅನ್ನುತ್ತಾರೆ. ಮನೆಯ ಕಂಪ್ಯೂಟರುಗಳನ್ನೆಲ್ಲ ಜೋಡಿಸಿ ಒಂದು ಫೋಲ್ಡರನ್ನು ಎಲ್ಲರಿಗೂ ತೆರೆದಿಟ್ಟಾಗ ಹಾಗೆ ಯಾರೂ ಯಾರನ್ನೂ ಕೇಳುವುದಿಲ್ಲ. ಯಾರ ಹೆಸರಿಗೆ ಏನು ಬರೆದಿದೆಯೋ ಅದೇ ನಡೆಯುತ್ತದೆ. ಇದಕ್ಕೆ 'ಹಕ್ಕು' ಎನ್ನುವುದೇ ಸರಿ ಅಂತ ನನ್ನ ಅನಿಸಿಕೆ. ನೀವೇನಂತೀರಿ?

ಕೇಳಲು ಕಾರಣ ಇದೆ. ವಿಜಯನಗರದ ನಮ್ಮ ಮನೆಯಲ್ಲಿ ಕೆಳಗೆ ಅಪ್ಪ ಅಮ್ಮ, ನಡುವೆ ನಾವು, ಮೇಲೆ ಅಣ್ಣನ ಸಂಸಾರ. ಎಸ್.ಪಿ. ರೋಡಿನಿಂದ ಕೇಬಲ್ಲು, ನೆಟ್‌ವರ್ಕ್ ಸ್ವಿಚ್ಚು ತಂದು ಮೂರೂ ಮಹಡಿಯ ಕಂಪ್ಯೂಟರುಗಳನ್ನು ಜೋಡಿಸಿದ್ದೇವೆ. ಮನೆಪತ್ರ, ಕಂದಾಯದ ರಸೀದಿ, ಮದುವೆ ಫೋಟೋಗಳು ಅಪ್ಪನ ಕಂಪ್ಯೂಟರಿನಲ್ಲಿವೆ. ಮೊದಲೆಲ್ಲ ವಿಂಡೋಸಿನಲ್ಲಿ 'ಹೋಮ್‌ಗ್ರೂಪ್' ಅಂತ ಒಂದಿತ್ತು. ಇಡೀ ಮನೆಗೆ ಒಂದೇ ಪಾಸ್‌ವರ್ಡ್, ಅಷ್ಟೇ. 2018ರಲ್ಲಿ ವಿಂಡೋಸ್ 10ರಿಂದ ಅದನ್ನು ತೆಗೆದುಬಿಟ್ಟರು. ಈಗ ಒಬ್ಬೊಬ್ಬರ ಹೆಸರಿಗೂ ಏನೇನು ಸಲ್ಲುತ್ತದೆ ಎಂದು ನಾವೇ ಬರೆಯಬೇಕು. ಅದನ್ನು ಮನೆಯವರಿಗೆಲ್ಲ ತಿಳಿಯುವ ಹಾಗೆ ಕನ್ನಡದಲ್ಲಿ ಒಂದು ಪುಟ ಮಾಡುತ್ತಿದ್ದೇನೆ. ಪದಗಳು ಸರಿ ಇದ್ದರೆ ಅರ್ಧ ಕೆಲಸ ಆದಂತೆ.

'ಅಪ್ಪಣೆ' ನನಗೆ ಇಷ್ಟದ ಪದ. 'ಯಾವ ದೊಣ್ಣೆನಾಯಕನ ಅಪ್ಪಣೆ ಬೇಕು' ಅಂತೀವಲ್ಲ, ಅಲ್ಲಿ ಅದು ಒಪ್ಪಿಗೆ. 'ಅಪ್ಪಣೆ ಕೊಡಿಸಿದರು' ಅನ್ನುವಾಗ ಅದೇ ಆಜ್ಞೆ. ಎರಡರ್ಥ ಇರುವುದರಿಂದ ಇಲ್ಲಿ ಬೇಡ. 'ಪರವಾನಗಿ' ಲೈಸೆನ್ಸಿಗೆ ಗಟ್ಟಿಯಾಗಿ ಅಂಟಿಕೊಂಡಿದೆ. 'ಹಕ್ಕು' ಹಾಗಲ್ಲ. ಹಕ್ಕುಪತ್ರ, ಪಹಣಿ ನೋಡಿದವರಿಗೆ ಹೆಸರಿನ ಮುಂದೆ ಹಕ್ಕು ಬರೆದಿರುತ್ತದೆ ಎನ್ನುವುದು ಗೊತ್ತೇ ಇರುತ್ತದೆ. ಫೋಲ್ಡರಿನ ಪ್ರಾಪರ್ಟೀಸ್ ತೆರೆದು 'ಸೆಕ್ಯುರಿಟಿ' ಒತ್ತಿದರೆ ಕಾಣುವುದೂ ಅದೇ: ಮೇಲೆ ಹೆಸರುಗಳು, ಕೆಳಗೆ ಆ ಹೆಸರಿಗೆ ಏನೇನಿದೆ ಎಂಬ ಪಟ್ಟಿ.

ಆ ಪಟ್ಟಿಯಲ್ಲಿ 'ಅಲೋ' ಮತ್ತು 'ಡಿನೈ' ಎಂದು ಎರಡು ಸಾಲು ಚೌಕಗಳಿವೆ. ನನಗೆ ಅತಿ ಮುಖ್ಯ ಅನಿಸುವುದು ಇಲ್ಲಿಯ ಪದಗಳೇ. ಎರಡೂ ಚೌಕ ಖಾಲಿ ಬಿಟ್ಟರೂ ಒಳಗೆ ಹೋಗಲಾಗುವುದಿಲ್ಲ, 'ಡಿನೈ'ಗೆ ಗುರುತು ಹಾಕಿದರೂ ಹೋಗಲಾಗುವುದಿಲ್ಲ. ಹಾಗಾದರೆ ವ್ಯತ್ಯಾಸ ಏನು? ಎರಡನ್ನೂ 'ನಿರಾಕರಣೆ' ಎಂದು ಬರೆದರೆ ಅದು ತಿಳಿಯುವುದೇ ಇಲ್ಲ. ನಮ್ಮಲ್ಲಿ 'ಇಲ್ಲ' ಮತ್ತು 'ಕೂಡದು' ಎಂಬ ಎರಡು ಮಾತು ಮೊದಲಿನಿಂದಲೂ ಇವೆ. ಖಾಲಿ ಚೌಕ ಅಂದರೆ 'ಇಲ್ಲ', ಅಂದರೆ ಇನ್ನೂ ಕೊಟ್ಟಿಲ್ಲ. 'ಡಿನೈ' ಅಂದರೆ 'ಕೂಡದು'. 'ಅಲೋ'ಗೆ ಗುರುತಿದ್ದರೆ 'ಉಂಟು'.

ಅಣ್ಣನ ಮಗಳನ್ನು 'ಮಕ್ಕಳು' ಎಂಬ ಗುಂಪಿಗೂ 'ಮನೆಯವರು' ಎಂಬ ಗುಂಪಿಗೂ ಸೇರಿಸಿದ್ದೇವೆ ಅನ್ನಿ. ರಸೀದಿಗಳ ಫೋಲ್ಡರಿನಲ್ಲಿ 'ಮಕ್ಕಳು' ಗುಂಪಿಗೆ ಏನೂ ಕೊಟ್ಟಿಲ್ಲ, 'ಮನೆಯವರು' ಗುಂಪಿಗೆ ಓದುವ ಹಕ್ಕಿದೆ. ಆಗ ಅವಳು ಓದಬಹುದು. ಒಂದು ಕಡೆ 'ಇಲ್ಲ', ಇನ್ನೊಂದು ಕಡೆ 'ಉಂಟು', ಉಂಟು ಗೆಲ್ಲುತ್ತದೆ. ಅದೇ ಫೋಲ್ಡರಿನಲ್ಲಿ 'ಮಕ್ಕಳು' ಗುಂಪಿಗೆ 'ಕೂಡದು' ಎಂದು ನೇರವಾಗಿ ಬರೆದಿದ್ದರೆ ಮುಗೀತು. ಬೇರೆ ಹತ್ತು ಗುಂಪಿನಿಂದ ಹಕ್ಕು ಬಂದರೂ ನಡೆಯದು. 'ಉಂಟು, ಇಲ್ಲ, ಕೂಡದು' ಎಂಬ ಮೂರು ಮಾತಿನಲ್ಲಿ ಅಮ್ಮನಿಗೂ ಇದನ್ನು ಹೇಳಬಹುದು. ಇದಕ್ಕಿಂತ ಚೆನ್ನಾದ ಜೋಡಿ ಯಾರಿಗಾದರೂ ಹೊಳೆದರೆ ತಿಳಿಸಿ. ನನಗಂತೂ ಇದನ್ನು ಬಿಡಲು ಮನಸ್ಸಿಲ್ಲ.

'ಶೇರ್'ಗೆ 'ಹಂಚು' ಎನ್ನುವುದು ರೂಢಿಗೆ ಬಂದಿದೆ. ಆಸ್ತಿ ಹಂಚಿದರೆ ನನ್ನ ಪಾಲು ನನಗೆ, ನಿಮ್ಮದು ನಿಮಗೆ. ಹಂಚಿದ ಫೋಲ್ಡರಿನಲ್ಲಿ ಪಾಲೇ ಇಲ್ಲ, ಇಡೀ ಫೋಲ್ಡರು ಎಲ್ಲರದ್ದು. ಬ್ಯಾಂಕಿನಲ್ಲಿ 'ಜಂಟಿ ಖಾತೆ' ಅನ್ನುವುದರಿಂದ 'ಜಂಟಿ ಫೋಲ್ಡರ್' ಸರಿಹೋಗುತ್ತದೆ ಎಂದುಕೊಂಡಿದ್ದೇನೆ.

ವಿಂಡೋಸಿನಲ್ಲಿ ಹಕ್ಕು ಎರಡು ಕಡೆ ಇರುತ್ತದೆ. ಇವೆರಡಕ್ಕೂ ಬೇರೆ ಬೇರೆ ಹೆಸರು ಬೇಕೇ ಬೇಕು. 'ಶೇರಿಂಗ್' ಭಾಗದಲ್ಲಿ ಬರೆದದ್ದು ನೆಟ್‌ವರ್ಕಿನಿಂದ ಬರುವವರಿಗೆ ಮಾತ್ರ. 'ಸೆಕ್ಯುರಿಟಿ' ಭಾಗದಲ್ಲಿ ಬರೆದದ್ದು ಎಲ್ಲರಿಗೂ, ಅದೇ ಕಂಪ್ಯೂಟರಿನ ಮುಂದೆ ಕೂತವರಿಗೂ. ನೆಟ್‌ವರ್ಕಿನಿಂದ ಬಂದರೆ ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ದಕ್ಕುತ್ತದೆ. 'ಅಡ್ವಾನ್ಸ್ಡ್ ಶೇರಿಂಗ್' ದಾರಿಯಲ್ಲಿ ಹೋದರೆ ಅದು ತಾನಾಗಿ ಎಲ್ಲರಿಗೂ ಓದುವ ಹಕ್ಕು ಮಾತ್ರ ಕೊಡುತ್ತದೆ. ಹಾಗಾಗಿ 'ಸೆಕ್ಯುರಿಟಿ'ಯಲ್ಲಿ ತಿದ್ದುವ ಹಕ್ಕಿರುವ ಅಣ್ಣ ಕೆಳಗಿಳಿದು ಅಪ್ಪನ ಕಂಪ್ಯೂಟರಿನಲ್ಲಿ ತನ್ನ ಹೆಸರಿನಿಂದಲೇ ಒಳಹೋಗಿ ಫೈಲು ತಿದ್ದಿ ಸೇವ್ ಮಾಡಬಲ್ಲ. ಮೇಲಿನ ಮಹಡಿಯಿಂದ ಅದೇ ಫೈಲು ಸೇವ್ ಆಗುವುದಿಲ್ಲ. 'ಶೇರಿಂಗ್' ಭಾಗದ್ದಕ್ಕೆ 'ಜಾಲದ ಹಕ್ಕು', 'ಸೆಕ್ಯುರಿಟಿ' ಭಾಗದ್ದಕ್ಕೆ 'ಡಿಸ್ಕಿನ ಹಕ್ಕು' ಎಂದು ಬರೆದಿದ್ದೇನೆ. 'ಹಂಚಿಕೆ ಅನುಮತಿ', 'ಭದ್ರತಾ ಅನುಮತಿ' ಎಂದರೆ ಯಾವುದು ಎಲ್ಲಿ ನಡೆಯುತ್ತದೆ ಎನ್ನುವುದು ಪದದಿಂದ ತಿಳಿಯುವುದಿಲ್ಲ ಅಲ್ವಾ?

'ಬರೆಯುವ ಹಕ್ಕು' ಎಂಬ ಮಾತಿನ ಬಗ್ಗೆ ನನಗೆ ಭಯವಿದೆ. ಸುಲಭದ ದಾರಿಯಲ್ಲಿ ಹಂಚುವಾಗ ಬರುವ 'ರೀಡ್/ರೈಟ್' ಕೊಟ್ಟರೆ ಅಳಿಸುವುದೂ ಅದರಲ್ಲೇ ಸೇರುತ್ತದೆ. ಇನ್ನೊಂದು ಕಂಪ್ಯೂಟರಿನಿಂದ ಅಳಿಸಿದ ಫೈಲು ರಿಸೈಕಲ್ ಬಿನ್‌ಗೆ ಹೋಗುವುದೂ ಇಲ್ಲ. ನಮ್ಮ ಪುಟ ಓದುವವರಿಗೆ 'ಬರೆಯುವುದು' ಅಂದರೆ ಸೇರಿಸುವುದು ಮಾತ್ರ. ನಮ್ಮ ಹಿಂದಿನವರಿಗೆ ಹಾಗಿರಲಿಲ್ಲವೇನೋ. ಇವತ್ತು ಫೈಲಿಗೆ ಬಳಸುವ 'ಕಡತ' ಮೊದಲು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಲ ಪುಡಿ ಬಳಿದು ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ ಬಳಪದಲ್ಲಿ ಬರೆಯುತ್ತಿದ್ದರು. ಅಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ನಮ್ಮ ಪುಟದಲ್ಲಿ ಮಾತ್ರ 'ತಿದ್ದುವ, ಅಳಿಸುವ ಹಕ್ಕು' ಎಂದು ಪೂರ್ತಿ ಬರೆಯುತ್ತೇನೆ. ಉದ್ದವಾದರೂ ಪರವಾಗಿಲ್ಲ, ಮದುವೆ ಫೋಟೋಗಳು ಉಳಿಯಬೇಕು.

ವಿಂಡೋಸಿನ ಬದಲು ಕೆಲವರು ಬಳಸುವ ಲಿನಕ್ಸಿನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಓದು, ಬರೆ ಜೊತೆಗೆ 'ಎಕ್ಸಿಕ್ಯೂಟ್' ಅಂತ ಮೂರನೆಯದು ಇದೆ. ಪ್ರೋಗ್ರಾಮಿಗೆ 'ನಡೆಸು' ಸರಿ. ಫೋಲ್ಡರಿಗೆ ಅದು 'ಒಳಹೋಗು'. ಈ ಹಕ್ಕಿಲ್ಲದೆ ಓದುವ ಹಕ್ಕು ಮಾತ್ರ ಇದ್ದರೆ ಒಳಗಿನ ಹೆಸರುಗಳು ಕಾಣುತ್ತವೆ, ಫೈಲು ತೆರೆಯುವುದಿಲ್ಲ. ಒಂದೇ ಪದ ಎರಡಕ್ಕೂ ಬೇಡ.

ನನಗೆ ಇನ್ನೂ ಪದ ಸಿಗದಿರುವುದು 'ಇನ್‌ಹೆರಿಟೆನ್ಸ್'ಗೆ. ಮೇಲಿನ ಫೋಲ್ಡರಿಗೆ ಕೊಟ್ಟ ಹಕ್ಕು ಒಳಗಿನವಕ್ಕೂ ತಾನಾಗಿ ಇಳಿಯುತ್ತದೆ. ಮೇಲೆ ಬದಲಿಸಿದರೆ ಕೆಳಗೂ ಬದಲಾಗುತ್ತದೆ. 'ಪಿತ್ರಾರ್ಜಿತ' ಎಂದರೆ ಹಿಂದಿನವರು ಬಿಟ್ಟುಹೋದದ್ದು ಅನಿಸುತ್ತದೆ. 'ಬಳುವಳಿ' ಬೇರೆ ಒಂದಕ್ಕೆ ಒಪ್ಪುತ್ತದೆ: ಒಂದೇ ಡ್ರೈವಿನೊಳಗೆ ಫೈಲನ್ನು ಕಟ್ ಮಾಡಿ ಬೇರೆ ಫೋಲ್ಡರಿಗೆ ಹಾಕಿದರೆ ಅದಕ್ಕೇ ನೇರವಾಗಿ ಕೊಟ್ಟಿದ್ದ ಹಕ್ಕು ಜೊತೆಗೆ ಬರುತ್ತದೆ, ಕಾಪಿ ಮಾಡಿದರೆ ಹೊಸ ಜಾಗದ ಹಕ್ಕು ಸಿಗುತ್ತದೆ. ತಾನಾಗಿ ಇಳಿಯುವುದಕ್ಕೆ ಸದ್ಯಕ್ಕೆ 'ಇಳಿಹಕ್ಕು' ಎಂದು ಬರೆದುಕೊಂಡಿದ್ದೇನೆ. ಕಿವಿಗೆ ಹೊಸದು. ನಿಮ್ಮ ಕಡೆ ಇದಕ್ಕೆ ಹತ್ತಿರದ ಮಾತು ಬಳಕೆಯಲ್ಲಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ಬರೆಯಿರಿ.