‘ತುಕ್ಕು ತಿಂದದ್ದು’ ಎನ್ನಲು ಒಂದೇ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ. ಪೆಟ್ರೋಲ್, ಡೀಸೆಲ್ ಪೈಪ್‌ಲೈನ್‌ಗಳ ಒಳಗೆ ಹೋಗಿ ತಪಾಸಣೆ ಮಾಡುವ ಯಂತ್ರಗಳನ್ನು ತಯಾರಿಸುವ ಕಂಪನಿಯೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಇಲ್ಲೇ ಶಿವಮೊಗ್ಗದಲ್ಲಿ ಐಟಿಐ ಮುಗಿಸಿದ ಹುಡುಗ ಹುಡುಗಿಯರು.

ಈ ಯಂತ್ರಕ್ಕೆ ಕೆಲಸದವರು ‘ಪಿಗ್’ ಅಂತಲೇ ಅನ್ನುತ್ತಾರೆ. ಅದು ಹಾಗೇ ಇರಲಿ, ಹಂದಿ ಮಾಡುವುದು ಬೇಡ. ಪಿಗ್‌ಗೆ ಸಾಮಾನ್ಯವಾಗಿ ಮೋಟಾರ್ ಇರುವುದಿಲ್ಲ, ಹರಿಯುವ ಎಣ್ಣೆಯೇ ಅದನ್ನು ತಳ್ಳಿಕೊಂಡು ಹೋಗುತ್ತದೆ. ಮೈಸುತ್ತ ಬಲವಾದ ಆಯಸ್ಕಾಂತ, ನಡುವೆ ಸೆನ್ಸರ್‌ಗಳು. ಉಕ್ಕು ತೆಳುವಾದ ಕಡೆ ಕಾಂತಬಲ ಪೈಪಿನ ಗೋಡೆಯಿಂದ ಆಚೆ ಸೋರುತ್ತದೆ. ಸೆನ್ಸರ್ ಹಿಡಿಯುವುದು ಆ ಸೋರಿಕೆಯನ್ನು.

ತಪಾಸಣೆಯ ವರದಿಯಲ್ಲಿ ಬರುವ ಪೈಪಿನ ಹೆಚ್ಚಿನ ದೋಷಗಳಿಗೆ ಪದ ಹುಡುಕಬೇಕಾಗಿಲ್ಲ. ಕಲ್ಲು ತಾಗಿ ಪೈಪು ಒಳಕ್ಕೆ ಹೋಗಿದ್ದರೆ ‘ನೆಗ್ಗು’. ಬೆಸುಗೆ ಬಿಟ್ಟಿದ್ದರೆ ‘ಬಿರುಕು’. ಮರಳು ಉಜ್ಜಿ ತೆಳುವಾಗಿದ್ದರೆ ‘ಸವೆತ’. ತೊಡಕಿರುವುದು ತುಕ್ಕಿನಲ್ಲಿ.

ಮಳೆಗಾಲ ಮುಗಿದ ಮೇಲೆ ಕೊಟ್ಟಿಗೆಯ ತಗಡು ನೋಡಿ ‘ತುಕ್ಕು ಹಿಡಿದಿದೆ’ ಅಂದರೆ ಮೇಲೆ ಕೆಂಪು ಕಟ್ಟಿದೆ, ಉಜ್ಜಿ ಬಣ್ಣ ಹೊಡೆದರೆ ಆಯ್ತು. ‘ತುಕ್ಕು ತಿಂದಿದೆ’ ಅಂದರೆ ಮೊಳೆಯ ಸುತ್ತ ತಗಡೇ ಉಳಿದಿಲ್ಲ, ಬೆರಳು ಒತ್ತಿದರೆ ಪುಡಿಪುಡಿಯಾಗಿ ಉದುರುತ್ತದೆ. ಪಿಗ್ ಅಳೆಯುವುದು ಈ ಎರಡನೆಯದನ್ನು. ಗೋಡೆಯ ದಪ್ಪದಲ್ಲಿ ಎಷ್ಟು ಪಾಲು ಹೋಗಿದೆ ಅಂತ ಶೇಕಡಾ ಲೆಕ್ಕದಲ್ಲಿ ಬರೆಯುತ್ತಾರೆ. ಉಳಿದ ಉಕ್ಕು ಎಷ್ಟು ಒತ್ತಡ ತಾಳೀತು ಎಂದು ಹೇಳುವ, ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ (ಎಎಸ್‌ಎಂಇ) ಬಿ31ಜಿ ವಿಧಾನ ಶೇ. 80ಕ್ಕಿಂತ ಆಳ ಹೋದ ಕಡೆ ಬಳಸುವಂತೆಯೇ ಇಲ್ಲ. ಅಂಥ ಜಾಗಕ್ಕೂ ಸುಮ್ನೆ ‘ತುಕ್ಕು’ ಎಂದು ಬರೆದರೆ ಓದುವವರು ಬಣ್ಣ ಹೊಡೆದರೆ ಸಾಕು ಅಂದುಕೊಳ್ಳಬಹುದು, ಅಲ್ವಾ? ಮಂಗಳೂರಿನಿಂದ ಘಟ್ಟ ಹತ್ತಿ, ಹಾಸನದ ಮೇಲೆ ಬೆಂಗಳೂರಿಗೆ ಹೋಗುವ ಪೈಪ್‌ಲೈನ್ ಸುಮಾರು 360 ಕಿ.ಮೀ. ಉದ್ದವಿದೆ. ಘಟ್ಟದ ಮಣ್ಣಿನಡಿ ಒಂದು ಕಡೆ ತೂತಾದರೂ ಹಳ್ಳದ ನೀರಿಗೆ ಡೀಸೆಲ್ ಸೇರುತ್ತದೆ.

ಇಂಗ್ಲಿಷಿನ ‘ಕೊರೋಷನ್’ಗೆ ಪುಸ್ತಕದ ಪದವಾದ ‘ಸಂಕ್ಷಾರಣ’ ನನಗೆ ಬೇಡ, ವರ್ಕ್‌ಶಾಪಿನಲ್ಲಿ ಯಾರ ಬಾಯಲ್ಲೂ ಅದು ಬರುವುದಿಲ್ಲ. ವಾಕ್ಯದಲ್ಲಾದರೆ ‘ತುಕ್ಕು ತಿಂದಿದೆ’ ಸಾಕು, ಆದರೆ ವರದಿಯ ಕೋಷ್ಟಕಕ್ಕೆ ತಲೆಬರಹವಾಗಿ ನಾಮಪದ ಬೇಕು. ಕಡಲ್ಕೊರೆತದ ಹಾಗೆ ‘ತುಕ್ಕುಕೊರೆತ’ ಎನ್ನಬಹುದೇ? ಒಳಕ್ಕೆ ಇಳಿಯುತ್ತಾ ಹೋಗುವುದು ‘ಕೊರೆ’ಯಲ್ಲಿ ಚೆನ್ನಾಗಿ ಬರುತ್ತದೆ ಅಂತ ನನ್ನ ಅನಿಸಿಕೆ.

ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯವರು ಯಾರಾದರೂ ಕಮ್ಮಾರರನ್ನು ಕೇಳಿ ತಿಳಿಸುವಿರಾ? ತುಕ್ಕು ತಿಂದ ನೇಗಿಲ ಗುಳಕ್ಕೋ ಕತ್ತಿಗೋ ಅವರಲ್ಲಿ ಬೇರೆ ಮಾತೇ ಇದ್ದರೆ ಅದನ್ನೇ ಹಾಕುತ್ತೇನೆ. ಸೂಜಿಮೊನೆಯಷ್ಟು ಅಗಲ, ಆದರೆ ಆಳವಾಗಿ ತಿಂದ ಗುಳಿಗೆ ಏನನ್ನುತ್ತಾರೆ ಅನ್ನುವುದನ್ನೂ ಕೇಳಿ.