ಕೆಲಸದ ಹೊತ್ತಲ್ಲಿ ಆಫೀಸಿನಲ್ಲೇ ಬಿಯರ್ ಕುಡಿಯೋದು ಸರೀನಾ?

ನೀಲಿ ಪೆನ್ನು:

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತುಂಬಾ ದಿನದಿಂದ ತಲೆ ತಿನ್ನುತ್ತಿದೆ. ಇಲ್ಲಿ ಬೇರೆ ಬೇರೆ ಕೆಲಸದಲ್ಲಿ ಇರುವವರಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಈಚೆಗೆ ಹೊಸ ಕಂಪನಿಗೆ ಸೇರಿದೆ. ಕೆಲಸ ಚೆನ್ನಾಗಿದೆ, ಜನರೂ ಒಳ್ಳೆಯವರೇ. ಆದರೆ ಇಲ್ಲಿ ಪ್ಯಾಂಟ್ರಿ ಫ್ರಿಜ್‌ನಲ್ಲಿ ಜ್ಯೂಸ್ ಪಕ್ಕದಲ್ಲೇ ಬಿಯರ್ ಇರುತ್ತದೆ. ಶುಕ್ರವಾರ ನಾಲ್ಕು ಗಂಟೆಗೆ ಮ್ಯಾನೇಜರ್ ತಾವೇ ಬಾಟಲಿ ಹಿಡಿದುಕೊಂಡು ಒಂದೊಂದೇ ಡೆಸ್ಕ್ ಹತ್ತಿರ ಬರುತ್ತಾರೆ. ಓಪನರ್ ಅವರ ಕೈಯಲ್ಲೇ ಇರುತ್ತದೆ, ನಾವು ಹೂಂ ಉಹೂಂ ಅನ್ನುವ ಮೊದಲೇ ಮುಚ್ಚಳ ಹಾರಿಸಿ ಕೀಬೋರ್ಡ್ ಪಕ್ಕ ಇಟ್ಟುಬಿಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಅನುಮಾನ ಇಲ್ಲ.

ಮೊದಲು ಶುಕ್ರವಾರಕ್ಕೆ ಮಾತ್ರ ಇತ್ತು. ಈಗ ಕ್ಲೈಂಟ್ ಜೊತೆ ಊಟಕ್ಕೆ ಹೋಗಿ ಬಂದ ದಿನವೂ ಇಬ್ಬರು ಮೂವರ ಬಾಯಿಂದ ವಾಸನೆ ಬರುತ್ತದೆ, ಹಾಗೇ ಬಂದು ರಿವ್ಯೂ ಮೀಟಿಂಗ್‌ಗೆ ಕೂರುತ್ತಾರೆ. ಹೋದ ವಾರ ಅಂಥದ್ದೊಂದು ಮೀಟಿಂಗ್‌ನಲ್ಲಿ ಹೊಸದಾಗಿ ಸೇರಿದ ಹುಡುಗಿಯ ಕೆಲಸವನ್ನು ಎಲ್ಲರ ಎದುರು ಆಡಿಕೊಂಡು ನಕ್ಕರು. ಅವಳು ಲ್ಯಾಪ್‌ಟಾಪ್ ಮುಚ್ಚಿ ಸುಮ್ನೆ ಕೂತಿದ್ದಳು. ಮರುದಿನ ಆಡಿದವರಿಗೆ ಅದು ನೆನಪಿದ್ದಂತೆಯೂ ಕಾಣಲಿಲ್ಲ.

ನಾನು ಕುಡಿಯೋದೇ ಇಲ್ಲ ಅಂತಲ್ಲ, ಗೆಳೆಯರ ಜೊತೆ ಅಪರೂಪಕ್ಕೆ ತಗೊಳ್ಳುತ್ತೇನೆ. ಕೆಲಸದ ಹೊತ್ತಲ್ಲಿ ಮಾತ್ರ ಬೇಡ ಅನ್ನಿಸುತ್ತದೆ. ಬೇಡ ಅಂದರೆ "ಯಾಕೆ, ಮಾತ್ರೆ ನುಂಗ್ತಿದ್ದೀರಾ?" "ಇಷ್ಟು ಸೀರಿಯಸ್ ಆದ್ರೆ ಹೇಗೆ?" ಅಂತ ಶುರು. ಬೇರೆ ಕಡೆ ಇದೆಲ್ಲ ಹೇಗೆ ನಡೆಯುತ್ತದೆ? ನಾನು ಹೇಳಬೇಕಾ, ಹೇಳುವುದಾದರೆ ಯಾರಿಗೆ?

ಸಂಜೆ ಐದರ ಮೇಲೆ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ, ಬೇಜಾರು ಮಾಡ್ಕೋಬೇಡಿ. ದೊಡ್ಡ ಪ್ರಾಜೆಕ್ಟ್ ಮುಗಿದ ದಿನ ಎಲ್ಲರೂ ಕೂತು ಒಂದು ಗ್ಲಾಸ್ ತಗೊಳ್ಳೋದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ದಿನವಿಡೀ ಮಾತೇ ಆಡದವರು ಅಲ್ಲಿ ಮಾತಾಡುತ್ತಾರೆ. ನಮ್ಮ ಟೀಮ್‌ನಲ್ಲಿ ಎಷ್ಟೋ ಮುನಿಸು ಹೀಗೇ ಕರಗಿದೆ. ಎಲ್ಲರೂ ವಯಸ್ಸಿಗೆ ಬಂದವರು, ಎಷ್ಟು ಕುಡಿಯಬೇಕು ಅಂತ ಅವರಿಗೆ ಗೊತ್ತು. ಎಲ್ಲದಕ್ಕೂ ರೂಲ್ಸ್ ತಂದರೆ ಆಫೀಸು ಸ್ಕೂಲ್ ಆಗಿಬಿಡುತ್ತದೆ.

ಆದರೆ ಆ ಮೀಟಿಂಗ್ ವಿಷಯ ಸರಿಯಲ್ಲ. ಕುಡಿದ ಮೇಲೆ ಕೆಲಸದ ಮಾತೇ ಆಡಬಾರದು.

ಸ್ಪ್ಯಾನರ್:

ನಾನು ವಿಮಾನದ ಮೇಂಟೆನೆನ್ಸ್‌ನಲ್ಲಿ ಇರುವವನು, ನಮ್ಮಲ್ಲಿ ಈ ಪ್ರಶ್ನೆ ಯಾರೂ ಕೇಳುವುದೇ ಇಲ್ಲ. ಪೈಲಟ್‌ಗಳಿಗೆ ಅಮೆರಿಕದಲ್ಲಿ ಕುಡಿದು ಕನಿಷ್ಠ 8 ಗಂಟೆ ಆಗಿರಬೇಕು, ಮೇಲಾಗಿ ರಕ್ತದಲ್ಲಿ 0.04 ಪರ್ಸೆಂಟ್ ಮುಟ್ಟಿರಬಾರದು. ಭಾರತದಲ್ಲಿ 12 ಗಂಟೆ. ಎರಡೂ ಕಡೆ ಗಂಟೆ ಲೆಕ್ಕ ಇಟ್ಟಿರುವುದಕ್ಕೆ ಕಾರಣ ಇದೆ.

"ಎಷ್ಟು ಕುಡಿಯಬೇಕು ಅಂತ ಅವರಿಗೆ ಗೊತ್ತು" ಅಂದರಲ್ಲ, ನಾನು ಒಪ್ಪುವುದಿಲ್ಲ. ಗೊತ್ತಾಗುವ ಬುದ್ಧಿಯನ್ನೇ ಮದ್ಯ ಮೊದಲು ಮಂಕು ಮಾಡುವುದು. 5 ಪರ್ಸೆಂಟ್‌ನ 330 ಎಂಎಲ್ ಬಿಯರ್ ಬಾಟಲಿಯಲ್ಲಿ ಸುಮಾರು 13 ಗ್ರಾಂ ಆಲ್ಕೋಹಾಲ್ ಇರುತ್ತದೆ. ಲಿವರ್ ಗಂಟೆಗೆ ಹೆಚ್ಚೂಕಡಿಮೆ 7ರಿಂದ 10 ಗ್ರಾಂ ಅಷ್ಟೇ ಕರಗಿಸುತ್ತದೆ, ಕಾಫಿ ಕುಡಿದರೂ ತಣ್ಣೀರು ಸುರಿದುಕೊಂಡರೂ ಅದರ ವೇಗ ಹೆಚ್ಚುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಎರಡು ಬಾಟಲಿ ತಗೊಂಡವರ ಮೈಯಿಂದ ಅದು ಪೂರ್ತಿ ಇಳಿಯುವ ಹೊತ್ತಿಗೆ ಆಫೀಸ್ ಬಿಡುವ ಟೈಮ್ ಆಗಿರುತ್ತದೆ. ರಾತ್ರಿ ಹನ್ನೆರಡರವರೆಗೆ ಕೂತು ಆರು ಬಾಟಲಿ ಮುಗಿಸಿದವನು ಬೆಳಿಗ್ಗೆ ಎಂಟಕ್ಕೆ ಸ್ನಾನ ಮಾಡಿ ಫ್ರೆಶ್ ಆಗಿ ಬಂದಿರಬಹುದು, ಆದರೆ ರಕ್ತದಲ್ಲಿ ಇನ್ನೂ ಇರಬಹುದು. ಅವನು ಆಫೀಸಲ್ಲಿ ಒಂದು ಹನಿಯೂ ಕುಡಿದಿಲ್ಲ, ಆದರೂ ಕುಡಿದೇ ಕೆಲಸ ಮಾಡುತ್ತಿದ್ದಾನೆ. ನಮ್ಮ ಕಡೆ ಹೆಚ್ಚು ಹೆದರುವುದು ಇದಕ್ಕೇ.

ಡೆಸ್ಕ್ ಕೆಲಸದಲ್ಲಿ ಯಾರ ಕೈಯೂ ಮಷಿನ್‌ಗೆ ಸಿಕ್ಕುವುದಿಲ್ಲ ನಿಜ. ಆದರೆ ಅಲ್ಲೂ ಡೇಟಾ ಅಳಿಸಿಹೋಗುತ್ತದೆ, ತಪ್ಪು ಜನರಿಗೆ ಮೇಲ್ ಹೋಗುತ್ತದೆ, ದುಡ್ಡು ತಪ್ಪು ಅಕೌಂಟ್‌ಗೆ ಹೋಗುತ್ತದೆ. ಆಮೇಲೆ ಎಲ್ಲರೂ ಮನೆಗೆ ಗಾಡಿ ಓಡಿಸಿಕೊಂಡು ಹೋಗಬೇಕಲ್ವಾ? ಬಾಟಲಿ ಕೊಟ್ಟ ಮ್ಯಾನೇಜರ್ ಪಾರ್ಕಿಂಗ್‌ವರೆಗೂ ಬಂದು ನೋಡುತ್ತಾರಾ?

ಹಳೇ ಫೈಲು:

ಇದು ಹೊಸ ಜಗಳವಲ್ಲ, ಕೆಲಸದ ಜೊತೆ ಕುಡಿತ ಸೇರಿಕೊಂಡೇ ಬಂದಿದೆ. ಬ್ರಿಟನ್ನಿನ ನೌಕಾಪಡೆಯಲ್ಲಿ ನಾವಿಕರಿಗೆ ದಿನಾ ರಮ್ ಅಳೆದು ಕೊಡುತ್ತಿದ್ದರು. 1970ರ ಜುಲೈ 31ಕ್ಕೆ ಅದನ್ನು ನಿಲ್ಲಿಸಿದರು. ಹಡಗಿನಲ್ಲಿ ಅಷ್ಟು ಹೊತ್ತಿಗೆ ಎಲೆಕ್ಟ್ರಾನಿಕ್ ಉಪಕರಣಗಳು ತುಂಬಿಹೋಗಿದ್ದವು, ಮಧ್ಯಾಹ್ನ ರಮ್ ಕುಡಿದು ಅವುಗಳ ಮುಂದೆ ಕೂರುವುದು ಆಗದ ಮಾತು ಅನ್ನಿಸಿತು. ಆ ದಿನ ನಾವಿಕರು ಕೈಗೆ ಕಪ್ಪು ಪಟ್ಟಿ ಕಟ್ಟಿಕೊಂಡರಂತೆ, ಅಷ್ಟು ನೋವಾಗಿತ್ತು.

2010ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಕಂಪನಿ ಬಿಯರ್ ಕುಡಿಯುವುದನ್ನು ಊಟದ ವೇಳೆಗೆ ಮಾತ್ರ ಸೀಮಿತ ಮಾಡಿದಾಗ ಕೆಲಸಗಾರರು ಮುಷ್ಕರವನ್ನೇ ಹೂಡಿದರು. ಬಿಯರ್ ತಯಾರಿಸುವ ಕಂಪನಿಗೇ ಹೀಗೆ ಗೆರೆ ಎಳೆಯಬೇಕು ಅನ್ನಿಸಿತು ನೋಡಿ. ಲಂಡನ್ನಿನ ಇನ್ಶೂರೆನ್ಸ್ ಮಾರುಕಟ್ಟೆ ಲಾಯ್ಡ್ಸ್‌ನಲ್ಲಿ ಮಧ್ಯಾಹ್ನ ಕುಡಿಯುವುದು ಹಳೇ ಅಭ್ಯಾಸ. 2017ರಲ್ಲಿ ಅವರು ತಮ್ಮ ನೌಕರರಿಗೆ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಮುಟ್ಟಲೇಬೇಡಿ ಅಂದರು. ಅದಕ್ಕೆ ಹಿಂದಿನ ಒಂದು ವರ್ಷದಲ್ಲಿ ಬಂದ ದೂರು ಮತ್ತು ಶಿಸ್ತಿನ ಕೇಸುಗಳಲ್ಲಿ ಸುಮಾರು ಅರ್ಧ ಕುಡಿತಕ್ಕೆ ಸಂಬಂಧಪಟ್ಟವು ಅನ್ನೋದು ಅವರು ಕೊಟ್ಟ ಕಾರಣ. ಫ್ರಾನ್ಸಿನ ಕಾರ್ಮಿಕ ಕಾನೂನು ಕೆಲಸದ ಜಾಗದಲ್ಲಿ ವೈನ್, ಬಿಯರ್‌ನಂಥ ಕೆಲವಕ್ಕೆ ಮಾತ್ರ ಅವಕಾಶ ಇಟ್ಟಿದೆ. ಅಲ್ಲೂ ಅಮಲಿನಲ್ಲಿ ಇರುವವರನ್ನು ಒಳಗೆ ಬಿಡುವ ಹಾಗಿಲ್ಲ.

ಅಂದರೆ ಕುಡಿತವನ್ನು ಸಹಜ ಅಂದುಕೊಂಡ ಕಡೆಯೂ ಗೆರೆ ಇದೆ. ನಿಮ್ಮ ಆಫೀಸಿನಲ್ಲಿ ಇಲ್ಲದೇ ಇರುವುದು ಅದೇ.

ಬಿಟ್ಟಾಯ್ತು:

ಈ ಥ್ರೆಡ್ ಓದಿ ಸುಮ್ಮನಿರಲು ಆಗಲಿಲ್ಲ. ನಾನು ಚಟಕ್ಕೆ ಬಿದ್ದು, ಚಿಕಿತ್ಸೆ ತಗೊಂಡು ಬಿಟ್ಟವನು. ಆಫೀಸಲ್ಲಿ ಇದು ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಕೆಲಸ ಮಾಡುವ ಮೇಜಿನ ಮೇಲೆ ಮುಚ್ಚಳ ತೆಗೆದ ಬಾಟಲಿ, ಹೊರಗೆ ಬೆವರು ಇಳಿಯುತ್ತಿರುವ ಗಾಜು, ಆ ವಾಸನೆ. ಬೇರೆಯವರಿಗೆ ಅದು ಒಂದು ಬಿಯರ್ ಅಷ್ಟೇ. ನನಗೆ ಆವತ್ತಿನ ಸಂಜೆಯೆಲ್ಲ ಒಳಗೊಳಗೇ ಜಗಳ.

ನನ್ನಂಥವರು ಮಾತ್ರ ಅಲ್ಲ. ಬಸುರಿ ಅಂತ ಇನ್ನೂ ಯಾರಿಗೂ ಹೇಳದ ಹೆಣ್ಣುಮಗಳು ಇರಬಹುದು. ಮದ್ಯದ ಜೊತೆ ತಗೊಳ್ಳಲೇಬಾರದ ಮಾತ್ರೆ ನುಂಗುತ್ತಿರುವವರು ಇರಬಹುದು. ಧರ್ಮದ ಕಾರಣಕ್ಕೆ ಮುಟ್ಟದವರು, ಅಪ್ಪನ ಕುಡಿತದಲ್ಲಿ ಬಾಲ್ಯ ಕಳೆದುಕೊಂಡವರು ಇರಬಹುದು. "ಯಾಕೆ ಬೇಡ?" ಅಂತ ತಮಾಷೆಗೆ ಕೇಳಿದ ಪ್ರಶ್ನೆಗೆ ಇವರೆಲ್ಲ ಹತ್ತು ಜನರ ಮುಂದೆ ಒಂದು ಸುಳ್ಳು ಹೇಳಬೇಕು, ಇಲ್ಲವೇ ತಮ್ಮ ಗುಟ್ಟು ಬಿಚ್ಚಬೇಕು. ಸಂಬಳ ಬಡ್ತಿ ನಿರ್ಧಾರ ಮಾಡುವ ಮನುಷ್ಯನೇ ಬಾಟಲಿ ಹಿಡಿದು ನಿಂತಿರುವಾಗ "ಇಷ್ಟ ಇದ್ದರೆ ಕುಡಿ" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಸಂಜೆ ಐದರ ಮೇಲೆ ಅವರೇ, ಮುನಿಸು ಕರಗಿದ್ದು ಕುಡಿದವರ ಮಧ್ಯೆ. ಕುಡಿಯದವರು ಆ ಹೊತ್ತಿಗೆ ಎದ್ದು ಹೋಗಿರುತ್ತಾರೆ, ಆಮೇಲೆ ನಡೆದ ಮಾತುಕತೆ, ಸಿಕ್ಕ ಅವಕಾಶ ಅವರ ಕಿವಿಗೂ ಬೀಳುವುದಿಲ್ಲ.

ಸಂಜೆ ಐದರ ಮೇಲೆ:

ಇದನ್ನು ನಾನು ಈ ಕಡೆಯಿಂದ ಯೋಚಿಸಿರಲಿಲ್ಲ. ಕುಡಿಯುವುದೇ ತಪ್ಪು ಅಂತ ಈಗಲೂ ಹೇಳುವುದಿಲ್ಲ. ಆದರೆ ಡೆಸ್ಕ್‌ಗೆ ತಂದು ಇಡುವುದು ನಿಲ್ಲಬೇಕು ಅನ್ನುವುದು ನಿಜ.

ಕ್ಯಾಬಿನ್ ಬಾಗಿಲು:

ಎಚ್‌ಆರ್‌ನಲ್ಲಿ ಇದ್ದೇನೆ. ನೀಲಿ ಪೆನ್ನು ಅವರೇ, ಮೊದಲು ನಿಮ್ಮ ಆಫರ್ ಲೆಟರ್ ಜೊತೆ ಬಂದ ನಿಯಮಗಳನ್ನು ತೆಗೆದು ಓದಿ. ಎಷ್ಟೋ ಕಂಪನಿಗಳಲ್ಲಿ ಕೆಲಸದ ವೇಳೆ ಮದ್ಯ ನಿಷೇಧ ಅಂತ ಕಾಗದದಲ್ಲಿ ಇರುತ್ತದೆ, ಪ್ಯಾಂಟ್ರಿಯಲ್ಲಿ ಬೇರೆಯೇ ನಡೆಯುತ್ತದೆ. ಆ ಪರಿಸ್ಥಿತಿ ನೌಕರರಿಗೆ ತುಂಬಾ ಅಪಾಯ. ಎಲ್ಲ ಚೆನ್ನಾಗಿರುವವರೆಗೆ ಯಾರೂ ಕೇಳುವುದಿಲ್ಲ, ಏನಾದರೂ ಎಡವಟ್ಟಾದ ದಿನ ಅದೇ ಕಾಗದ ತೋರಿಸಿ ಚಿಕ್ಕವರನ್ನು ಮನೆಗೆ ಕಳಿಸುತ್ತಾರೆ.

ದೂರು ಕೊಡುವಾಗ "ಅವರು ಕುಡಿದಿದ್ದರು" ಅಂತ ಬರೆಯಬೇಡಿ. ನೋಡಿದ್ದು ಕೇಳಿದ್ದು ಮಾತ್ರ ಬರೆಯಿರಿ. ಯಾವ ದಿನ, ಎಷ್ಟು ಗಂಟೆ, ಯಾರು ಯಾವ ಮಾತು ಆಡಿದರು, ಯಾರಿದ್ದರು. ಮಾತು ತೊದಲುವುದು, ತೂರಾಡುವುದು ಸಕ್ಕರೆ ಕಾಯಿಲೆಯವರಿಗೆ ಶುಗರ್ ಇಳಿದಾಗಲೂ ಆಗುತ್ತದೆ. ಕುಡಿದಿದ್ದಾನೆ ಅಂದುಕೊಂಡು ಬಿಟ್ಟರೆ ಜೀವಕ್ಕೇ ಕುತ್ತು. ಇನ್ನು ಆ ಹುಡುಗಿಗೆ ಆದದ್ದು ಕುಡಿತದ ವಿಷಯವೇ ಅಲ್ಲ, ಅವಮಾನದ ವಿಷಯ. ಕುಡಿದಿದ್ದರು ಅನ್ನುವುದು ಅದಕ್ಕೆ ನೆಪ ಆಗಬಾರದು. ಅವಳನ್ನು ಕೇಳದೆ ಅವಳ ಪರವಾಗಿ ದೂರು ಮಾತ್ರ ಹಾಕಬೇಡಿ.

ಯಾರಾದರೂ ಬೆಳಿಗ್ಗೆಯಿಂದಲೇ ಕದ್ದು ಕುಡಿಯುತ್ತಿದ್ದಾರೆ ಅನ್ನಿಸಿದರೆ ಅದು ಬೇರೆ ದಾರಿ. ಅದು ಕಾಯಿಲೆ, ಅವರಿಗೆ ರಜೆ ಬೇಕು, ಡಾಕ್ಟರ್ ಬೇಕು. ತುಂಬಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಹಾಗಾಗಿ "ನಾಳೆಯಿಂದ ಬಿಟ್ಟು ಬಾ" ಅಂತ ಹೆದರಿಸಿ ಕಳಿಸುವುದೂ ತಪ್ಪು.

ನೀಲಿ ಪೆನ್ನು:

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ನಿಯಮ ತೆಗೆದು ನೋಡಿದೆ. "ಕಂಪನಿ ಏರ್ಪಡಿಸಿದ ಕಾರ್ಯಕ್ರಮ ಬಿಟ್ಟು" ಕೆಲಸದ ವೇಳೆ ಮದ್ಯ ಇಲ್ಲ ಅಂತಲೇ ಇದೆ. ಶುಕ್ರವಾರದ ನಾಲ್ಕು ಗಂಟೆ ಕಾರ್ಯಕ್ರಮವಾ ಅಲ್ಲವಾ ಅಂತ ಎಲ್ಲೂ ಬರೆದಿಲ್ಲ. ಹುಡುಗಿಯ ಜೊತೆಗೂ ಮಾತಾಡಿದೆ, ದೂರು ಕೊಡುವುದಾದರೆ ತಾನೇ ಕೊಡುತ್ತೇನೆ, ನೀವು ಸಾಕ್ಷಿ ಹೇಳಿದರೆ ಸಾಕು ಅಂದಳು. ಹೇಳುತ್ತೇನೆ ಅಂದಿದ್ದೇನೆ. ಮ್ಯಾನೇಜರ್‌ಗೆ ಬಾಟಲಿ ವಿಷಯ ನಾನೇ ಹೇಳೋಣ ಅಂತಿದ್ದೇನೆ, ಹೇಗೆ ಶುರು ಮಾಡಲಿ?

ಸ್ಪ್ಯಾನರ್:

ಶುಕ್ರವಾರ ಹೇಳಬೇಡಿ, ಸೋಮವಾರ ಬೆಳಿಗ್ಗೆ ಹೇಳಿ, ಒಬ್ಬರೇ ಇರುವಾಗ. ಕೇಳುವುದನ್ನು ಚಿಕ್ಕದಾಗಿ ಕೇಳಿ: ಬಾಟಲಿ ಡೆಸ್ಕ್‌ಗೆ ಬರುವುದು ಬೇಡ, ಫ್ರಿಜ್‌ನಲ್ಲೇ ಇರಲಿ, ಕೆಲಸ ಮುಗಿಸಿದವರು ಬೇಕಿದ್ದರೆ ತಗೊಳ್ಳಲಿ, ಜ್ಯೂಸ್ ಕೂಡ ಅಷ್ಟೇ ಇರಲಿ, ಊಟಕ್ಕೆ ಹೋಗಿ ಕುಡಿದು ಬಂದ ದಿನ ರಿವ್ಯೂ ಮರುದಿನಕ್ಕೆ ಹಾಕಲಿ. ಒಪ್ಪಿದರೆ ಎರಡು ಸಾಲಿನ ಮೇಲ್ ಹಾಕಿಬಿಡಿ, ಮಾತಾಡಿದ್ದು ಬರಹದಲ್ಲಿ ಇರುತ್ತದೆ. ಒಪ್ಪದಿದ್ದರೆ ಆಗ ಎಚ್‌ಆರ್.