ದುಡಿಯೋಕೆ ಮುಂಚೆ ಎಷ್ಟು ದುಡ್ಡು ಹಾಕ್ಬೇಕು? ಅನುಭವ ಇರೋರು ಹೇಳಿ

ಫೋಟೋಗ್ರಫಿನೇ ಕೆಲಸ ಮಾಡ್ಕೋಬೇಕು ಅಂತಿದೀನಿ. ಎರಡು ವರ್ಷದ ಉಳಿತಾಯ ಕೈಲಿದೆ. ಎಲ್ಲಾನೂ ಕ್ಯಾಮರಾಗೆ ಹಾಕಿಬಿಡ್ಲಾ, ಸ್ವಲ್ಪ ಇಟ್ಕೊಳ್ಳಾ?

— ಎಲ್ಲಾ ಹಾಕ್ಬೇಡಿ, ದಯವಿಟ್ಟು. ನಾನು ಹಾಕಿದ್ದೆ. ದೊಡ್ಡ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮರಾ), ಎರಡು ಲೆನ್ಸ್, ಫ್ಲ್ಯಾಶು, ಎಲ್ಲಾ ಹೊಸದು. ಮೊದಲನೇ ಮದುವೆ ಆರ್ಡರ್ ಬಂತು, ಶೂಟಿಂಗೂ ಚೆನ್ನಾಗೇ ಆಯ್ತು, ಆದ್ರೆ ಆಲ್ಬಂ ಕೈಗೆ ಬಂದ್ಮೇಲೆ ಬಾಕಿ ಕೊಡ್ತೀವಿ ಅಂತ ಪಾರ್ಟಿಯವರು, ದುಡ್ಡು ಕಟ್ಟಿದ್ಮೇಲೇ ಪ್ರಿಂಟ್ ಅಂತ ಲ್ಯಾಬ್‌ನವರು. ಡಿಸೈನ್ ಎಲ್ಲಾ ಮುಗಿದಿರೋ ಪೆನ್‌ಡ್ರೈವ್ ಕೈಯಲ್ಲಿ ಹಿಡ್ಕೊಂಡು ಲ್ಯಾಬ್ ಕೌಂಟರ್ ಮುಂದೆ ನಿಂತಿದ್ದೆ, ಜೇಬಲ್ಲಿ ಏನೂ ಇಲ್ಲ. ಕೊನೆಗೆ ಅಕ್ಕನ ಹತ್ರ ಕೈಗಡ ತಗೊಂಡು ಬಿಡಿಸ್ಕೊಂಡೆ. ಕ್ಯಾಮರಾ ಬೆಲೆ ಎಲ್ರೂ ಲೆಕ್ಕ ಹಾಕ್ತೀವಿ, ದುಡ್ಡು ಹೋದ ದಿನದಿಂದ ವಾಪಸ್ ಬರೋ ದಿನದವರೆಗೆ ಹೊಟ್ಟೆಪಾಡು ಹೇಗೆ ಅನ್ನೋದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಆ ನಡುವಿನ ದಿನಗಳನ್ನ ಎಣಿಸಿ. 90 ದಿನ ಆಗುತ್ತೆ ಅನ್ಸಿದ್ರೆ ಅಷ್ಟೂ ದಿನದ ಮನೆ ಖರ್ಚು, ಓಡಾಟ, ಪ್ರಿಂಟಿಂಗು, ಅಸಿಸ್ಟೆಂಟ್ ಸಂಬಳ ಮೊದ್ಲು ಬೇರೆ ತೆಗೆದಿಡಿ. ಉಳಿದಿದ್ದು ಮಾತ್ರ ಕ್ಯಾಮರಾದ್ದು.

ಬಾಡಿ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಹೊಸ ಮಾಡೆಲ್ ಬಂದ ತಕ್ಷಣ ಹಳೇದರ ರೇಟು ಬೀಳುತ್ತೆ, ಒಳ್ಳೇ ಲೆನ್ಸ್ ಅಷ್ಟು ಬೇಗ ಬೀಳಲ್ಲ. ಅಪರೂಪಕ್ಕೆ ಬೇಕಾಗೋ ಲೆನ್ಸ್ ಬಾಡಿಗೆಗೆ ಸಿಗುತ್ತೆ. ಮೆಮೊರಿ ಕಾರ್ಡು, ಬ್ಯಾಟರಿ ಮಾತ್ರ ಎಕ್ಸ್‌ಟ್ರಾ ಇರ್ಲಿ. ನಾನೀಗ ಬುಕಿಂಗ್ ದಿನವೇ ಅರ್ಧ ಮುಂಗಡ ತಗೋತೀನಿ, ಬಾಕಿ ಪ್ರಿಂಟ್‌ಗೆ ಕಳ್ಸೋ ಮುಂಚೆ. ಮೊದಮೊದ್ಲು ಕೇಳೋಕೆ ಬಾಯೇ ಬರ್ತಿರ್ಲಿಲ್ಲ, ಕೇಳಿದ್ಮೇಲೆ ಗೊತ್ತಾಯ್ತು, ಹೆಚ್ಚಿನವರು ಕೊಡ್ತಾರೆ.

— ನಂದು ಹೊಲಿಗೆ. ಒಂದೇ ಮಷಿನ್‌ನಲ್ಲಿ ಶುರು ಮಾಡಿದ್ದು. ಓವರ್‌ಲಾಕ್‌ನ (ಬಟ್ಟೆ ಅಂಚಿನ ನೂಲು ಬಿಚ್ಚದ ಹಾಗೆ ಹಾಕೋ ಹೊಲಿಗೆ, ಅದಕ್ಕೆ ಬೇರೆ ಮಷಿನ್ ಬೇಕು) ಹೊರಗಡೆ ಕೊಟ್ಟು ಪೀಸ್ ಲೆಕ್ಕದಲ್ಲಿ ಮಾಡಿಸ್ತಿದ್ದೆ, ಎಷ್ಟು ಕೊಟ್ಟೆ ಅಂತ ಬರೆದಿಡ್ತಿದ್ದೆ. ತಿಂಗಳಿಗೆ ಹೊರಗೆ ಕೊಡೋ ದುಡ್ಡು ಆ ಮಷಿನ್ ಕಂತಿಗಿಂತ ಜಾಸ್ತಿ ಆಗೋಕೆ ಶುರುವಾದ್ಮೇಲೆ ತಗೊಂಡೆ.

— ಒಂದು ವಿಷಯ ಯಾರೂ ಹೇಳಿಲ್ಲ. ಕೆಲಸ ಕೊಡ್ತೀವಿ, ರಿಜಿಸ್ಟ್ರೇಷನ್ ಫೀಸ್ ಕಟ್ಟಿ, ಟ್ರೈನಿಂಗ್ ಕಿಟ್ ತಗೊಳ್ಳಿ ಅಂದ್ರೆ ಕಟ್ಲೇಬೇಡಿ. ನನ್ನ ತಮ್ಮ ಕಟ್ಟಿ, ಆಮೇಲೆ ಇನ್ನೊಂದು ಫೀಸು, ಮತ್ತೊಂದು ಫೀಸು ಅಂತ ಅಸಲೂ ಕಳ್ಕೊಂಡ. ನಾನು ನೋಡೋದು ಇಷ್ಟೇ: ದುಡ್ಡು ಕೊಟ್ಟು ತಗೊಂಡಿದ್ದನ್ನ ನಾಳೆ ಬೇರೆಯವರಿಗೆ ಮಾರಬಹುದಾ? ಕ್ಯಾಮರಾನ ಮಾರಬಹುದು. ಆ ಕಿಟ್‌ನ ಯಾರು ತಗೋತಾರೆ?

— ತುಂಬಾ ಥ್ಯಾಂಕ್ಸ್ ಎಲ್ರಿಗೂ. ಅಣ್ಣ, ಲೆನ್ಸ್ ಬಾಡಿಗೆಗೆ ಡೆಪಾಸಿಟ್ ಕೇಳ್ತಾರಂತೆ, ವಾಪಸ್ ಕೊಡ್ತಾರಾ?

— ಲೆನ್ಸ್ ಗ್ಲಾಸ್ ಹೇಗಿದೆ ನೋಡಿ ಕೊಡ್ತಾರೆ. ತಗೊಳ್ಳುವಾಗ್ಲೇ ಬೆಳಕಿಗೆ ಹಿಡಿದು ಗೀರು, ಫಂಗಸ್ ಇದ್ಯಾ ನೋಡಿ, ಅಲ್ಲೇ ಅವರ ಎದುರಿಗೇ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ಆ ಡೆಪಾಸಿಟ್ಟನ್ನೂ ತೆಗೆದಿಡೋ ದುಡ್ಡಿನ ಲೆಕ್ಕಕ್ಕೆ ಸೇರಿಸ್ಕೊಳ್ಳಿ.